ಓವನ್ ಬೇಡ, ಹಬೆಯೇ ಸಾಕು: ನಾಯಿಯ ತರಬೇತಿಗೆ ಮೆತ್ತನೆಯ ತಿನಿಸು

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ಅಡಿಕೆ ತೋಟದ ಅಂಚಿನ ಒಂಟಿಮನೆ. ಎಂಟು ತಿಂಗಳ ನಾಡುತಳಿಯ ಹೆಣ್ಣುನಾಯಿಯೊಂದನ್ನು ಸಾಕಿದ್ದೇವೆ, ಸುಮಾರು 15 ಕಿಲೋ ತೂಗುತ್ತದೆ. ಕರೆದರೆ ಬರುವುದನ್ನು ಕಲಿಸಲು ಅಂಗಡಿಯ ನಾಯಿ ಬಿಸ್ಕತ್ತು ಕೊಟ್ಟು ನೋಡಿದೆ. ಅದನ್ನು ಕಚ್ಚಿಕೊಂಡು ದೂರ ಹೋಗಿ ಕುರುಕುತ್ತಾ ಕೂರುತ್ತದೆ, ಆಮೇಲೆ ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ಮೆತ್ತನೆಯ ತಿನಿಸನ್ನು ಮನೆಯಲ್ಲೇ ಮಾಡೋಣವೆಂದರೆ ಓವನ್ ಇಲ್ಲ. ಮಾಂಸ ತರುವ ಪದ್ಧತಿಯೂ ನಮ್ಮಲ್ಲಿಲ್ಲ. ನಾಯಿಗಾಗಿ ಮೊಟ್ಟೆಯನ್ನು ಹೊರಗೆ ಬೇಯಿಸಿಕೊಳ್ಳಲು ಅಡ್ಡಿಯಿಲ್ಲ. ಒಮ್ಮೆ ರಾಗಿಹಿಟ್ಟಿನ ಉಂಡೆ ಮಾಡಿದ್ದೆ. ಮುಟ್ಟಿದರೆ ಪುಡಿಯಾಗುತ್ತಿತ್ತು, ಮೂರನೆಯ ದಿನ ಬೂಷ್ಟು ಹಿಡಿಯಿತು. ಏನು ಮಾಡಬಹುದು, ದಿನಕ್ಕೆ ಎಷ್ಟು ಕೊಡಬಹುದು?

ಉತ್ತರ: ನಿಮ್ಮ ನಾಯಿ ಬಿಸ್ಕತ್ತನ್ನು ಕಚ್ಚಿಕೊಂಡು ದೂರ ಹೋಗುವುದರಲ್ಲಿ ಅದರ ತಪ್ಪೇನೂ ಇಲ್ಲ. ತಾನು ಮಾಡಿದ ಕೆಲಸಕ್ಕೂ ಅದರ ಹಿಂದೆಯೇ ಬಂದ ತಿನಿಸಿಗೂ ನಾಯಿ ಸಂಬಂಧ ಕಟ್ಟಿಕೊಳ್ಳುವುದು ಒಂದೆರಡು ಸೆಕೆಂಡಿನ ಒಳಗೆ. ಗಟ್ಟಿ ಬಿಸ್ಕತ್ತನ್ನು ಕಡಿದು, ನೆಲಕ್ಕೆ ಬಿದ್ದ ಪುಡಿಯನ್ನೂ ನೆಕ್ಕಿ ಮುಗಿಸುವಷ್ಟರಲ್ಲಿ ಅರ್ಧ ನಿಮಿಷ ಕಳೆದಿರುತ್ತದೆ, ನೀವು ಕರೆದದ್ದು, ಅದು ಓಡಿಬಂದದ್ದು ಎರಡೂ ಹಳೆಯ ಮಾತಾಗಿರುತ್ತವೆ. ಎಂಟು ತಿಂಗಳಿಗೆ ಶಾಶ್ವತ ಹಲ್ಲುಗಳೆಲ್ಲ ಬಂದಿರುವುದರಿಂದ ಅದರ ಬಾಯಿಗೆ ಬಿಸ್ಕತ್ತು ಕಷ್ಟವಲ್ಲ. ಕಷ್ಟವಾಗಿರುವುದು ನಿಮ್ಮ ಪಾಠಕ್ಕೆ. ಆದ್ದರಿಂದ ತರಬೇತಿಯ ತಿನಿಸು ಮೆತ್ತಗಿರಬೇಕು ಎನ್ನುವಾಗ ನಾನು ಹೇಳುತ್ತಿರುವುದು ರುಚಿಯ ಮಾತಲ್ಲ, ಹೊತ್ತಿನ ಮಾತು: ಕೈಯಿಂದ ಬಾಯಿಗೆ ಹೋದ ತುಣುಕು ಅಗಿಯುವ ಕೆಲಸವೇ ಇಲ್ಲದೆ ನುಂಗಿಹೋಗಬೇಕು, ನಾಯಿಯ ಕಣ್ಣು ಮತ್ತೆ ನಿಮ್ಮ ಮುಖದ ಮೇಲಿರಬೇಕು. ತಿನಿಸಿನ ಗಾತ್ರ, ಅಂಟು, ವಾಸನೆ ಎಲ್ಲವನ್ನೂ ಈ ಒಂದು ಅಳತೆಗೋಲಿನಿಂದಲೇ ಅಳೆಯಿರಿ.

ಗಾತ್ರದ ವಿಷಯದಲ್ಲಿ ನಮ್ಮ ಜನರ ಕೈ ಯಾವಾಗಲೂ ಧಾರಾಳ. ಮನೆಗೆ ಬಂದವರಿಗೆ ಬಡಿಸಿದ ಹಾಗೆ ನಾಯಿಗೂ ದೊಡ್ಡ ತುಂಡನ್ನೇ ಕೊಡುತ್ತೇವೆ. 15 ಕಿಲೋ ತೂಗುವ ನಾಯಿಗೆ ಬಟಾಣಿ ಕಾಳಿನಷ್ಟು, ಅಂದರೆ ಒಂದೊಂದು ಬದಿಯೂ ಸುಮಾರು 8 ಮಿಲಿಮೀಟರ್ ಇರುವ ಚೂರು ಸಾಕು. ಅದರ ತೂಕ ಅರ್ಧ ಗ್ರಾಂ. ತುಂಬ ಚೆನ್ನಾಗಿ ಮಾಡಿದ ಕೆಲಸಕ್ಕೆ ಹೆಚ್ಚು ಕೊಡಬೇಕೆನಿಸಿದರೆ ದೊಡ್ಡ ಚೂರನ್ನು ಕೊಡುವ ಬದಲು ಸಣ್ಣ ಚೂರುಗಳನ್ನೇ ಒಂದರ ಹಿಂದೆ ಒಂದರಂತೆ ನಾಲ್ಕೈದು ಕೊಡಿ. ನಾಯಿಗೆ ಅದು ನಾಲ್ಕೈದು ಸಲ ಸಿಕ್ಕ ಬಹುಮಾನ; ದೊಡ್ಡ ತುಂಡಾದರೆ ಒಂದೇ ಸಲ.

ಇನ್ನು ನಿಮ್ಮ ರಾಗಿ ಉಂಡೆ ಏಕೆ ಕೆಟ್ಟಿತು ಎಂಬುದನ್ನು ನೋಡೋಣ. ರಾಗಿಯಲ್ಲಿ ಗೋಧಿಯಲ್ಲಿರುವಂತಹ ಅಂಟುಪದಾರ್ಥ ಇಲ್ಲ. ಬಿಸಿಯಿರುವಾಗ ಅದರ ಪಿಷ್ಟವು ನೀರನ್ನು ಹೀರಿಕೊಂಡು ಮುದ್ದೆಯ ಹಾಗೆ ಹಿಡಿದುಕೊಂಡಿರುತ್ತದೆ, ಆರಿದ ಮೇಲೆ ಗಟ್ಟಿಯಾಗಿ ಬಿರಿಯುತ್ತದೆ. ಬಿಸಿ ಮುದ್ದೆಯನ್ನೇ ಕೊಟ್ಟರೆ ಅಂಗುಳಿಗೆ ಮೆತ್ತಿಕೊಂಡು ನಾಯಿ ಬಾಯಿ ಆಡಿಸುತ್ತಾ ನಿಲ್ಲುತ್ತದೆ, ಆರಿದ್ದನ್ನು ಕೊಟ್ಟರೆ ಪುಡಿ ನೆಲಕ್ಕೆ ಸುರಿದು ಅದರ ಮೂಗು ನೆಲಕ್ಕೇ ಅಂಟಿಕೊಳ್ಳುತ್ತದೆ. ಅಕ್ಕಿಹಿಟ್ಟಿನ ಕಡುಬಿಗೂ ಇದೇ ಗುಣವಿದೆ. ಬೆಳಗ್ಗೆ ಹೂವಿನಂತಿದ್ದ ಕಡುಬು ಫ್ರಿಜ್ಜಿನಲ್ಲಿ ಒಂದು ರಾತ್ರಿ ಕಳೆದರೆ ಗೋಡೆಗೆ ಎಸೆಯುವಂತಾಗುವುದನ್ನು ಮಲೆನಾಡಿನವರಿಗೆ ನಾನು ವಿವರಿಸಬೇಕಾಗಿಲ್ಲ. ಹಿಟ್ಟೊಂದನ್ನೇ ನೆಚ್ಚಿಕೊಂಡರೆ ಹೀಗಾಗುತ್ತದೆ. ಅದನ್ನು ಹಿಡಿದಿಡಲು ಮೊಟ್ಟೆ ಬೇಕು, ಮೆತ್ತಗಿಡಲು ಬೇಯಿಸಿ ಮಸೆದ ತರಕಾರಿ ಬೇಕು. ಕಾದಾಗ ಹೆಪ್ಪುಗಟ್ಟುವ ಮೊಟ್ಟೆಯ ಪ್ರೋಟೀನು ತನ್ನೊಳಗೆ ನೀರನ್ನು ಹಿಡಿದುಕೊಳ್ಳುತ್ತದೆ, ಆರಿದ ಮೇಲೂ ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ.

ನಾನು ಬಹಳ ವರ್ಷಗಳಿಂದ ಹೇಳಿಕೊಡುತ್ತಿರುವ, ನಮ್ಮ ಮನೆಯ ನಾಯಿಗಳಿಗೂ ಮಾಡುತ್ತಿರುವ ಅಳತೆ ಹೀಗಿದೆ. ಮೊಟ್ಟೆ ಎರಡು, ರಾಗಿಹಿಟ್ಟು 40 ಗ್ರಾಂ, ಅಂದರೆ ಮಟ್ಟ ಮಾಡಿದ ನಾಲ್ಕೈದು ದೊಡ್ಡ ಚಮಚ, ಮತ್ತು ಬೇಯಿಸಿ ಮಸೆದ ಸಿಹಿಗುಂಬಳ, ನಮ್ಮ ಕಡೆ ಚೀನಿಕಾಯಿ ಎನ್ನುವುದು, 60 ಗ್ರಾಂ. ಚೀನಿಕಾಯಿ ಸಿಗದಿದ್ದರೆ ಗೆಣಸಾದೀತು. ಉಪ್ಪು, ಬೆಲ್ಲ, ಒಗ್ಗರಣೆ ಯಾವುದೂ ಬೇಡ. ಮೊದಲು ಹಿಟ್ಟನ್ನು ಮಸೆದ ಕಾಯಿಯ ಜೊತೆ ಚೆನ್ನಾಗಿ ನಾದಿಕೊಂಡು, ಆಮೇಲೆ ಮೊಟ್ಟೆಯನ್ನು ಒಂದೊಂದಾಗಿ ಒಡೆದು ಸೇರಿಸಿ ಕಲಸಬೇಕು. ಮೊಟ್ಟೆಯೊಳಕ್ಕೆ ಹಿಟ್ಟು ಸುರಿದರೆ ಗಂಟು ಕಟ್ಟುತ್ತದೆ, ಬೆಂದ ಮೇಲೆ ಆ ಗಂಟಿನಲ್ಲೇ ತುಣುಕು ಒಡೆಯುತ್ತದೆ. ಕಲಸಿದ್ದನ್ನು ಹತ್ತು ನಿಮಿಷ ಹಾಗೆಯೇ ಬಿಟ್ಟರೆ ಹಿಟ್ಟು ನೆನೆದು, ದೋಸೆ ಹಿಟ್ಟಿಗಿಂತ ಸ್ವಲ್ಪ ದಪ್ಪದ ಹದಕ್ಕೆ ಬರುತ್ತದೆ. ಮಳೆಗಾಲದ ಚೀನಿಕಾಯಿ ನೀರು ಬಿಡುವುದು ಹೆಚ್ಚು. ಬೇಯಿಸಿದ ಮೇಲೆ ಅದನ್ನು ಬಟ್ಟೆಯಲ್ಲಿ ಹಿಂಡಿಕೊಳ್ಳದಿದ್ದರೆ ಈ ಹದ ಸಿಗುವುದಿಲ್ಲ.

ಬೇಯಿಸಲು ಕಡುಬಿನ ಪಾತ್ರೆಯೋ ಇಡ್ಲಿ ಪಾತ್ರೆಯೋ ಇದ್ದರೆ ಆಯಿತು. ಸುಮಾರು 18 ಸೆಂಟಿಮೀಟರ್ ಅಗಲದ, ತಳ ಸಪಾಟಾಗಿರುವ ತಟ್ಟೆಗೆ ತೆಳುವಾಗಿ ತುಪ್ಪ ಸವರಿ ಹಿಟ್ಟನ್ನು ಸುರಿದರೆ ಮೇಲಿನ ಅಳತೆಗೆ ಸರಿಯಾಗಿ 8 ಮಿಲಿಮೀಟರ್ ದಪ್ಪ ಬರುತ್ತದೆ, ಆಮೇಲೆ ಅಡ್ಡಕ್ಕೂ ಉದ್ದಕ್ಕೂ ಗೆರೆ ಎಳೆದಂತೆ ಕತ್ತರಿಸುವುದಷ್ಟೇ ಉಳಿಯುತ್ತದೆ. ನೀರು ಕುದಿದು ಹಬೆ ಏಳತೊಡಗಿದ ಮೇಲೆ ತಟ್ಟೆ ಇಟ್ಟು 12ರಿಂದ 15 ನಿಮಿಷ ಬೇಯಿಸಬೇಕು. ಮುಚ್ಚಳಕ್ಕೆ ಒಳಗಡೆಯಿಂದ ಒಂದು ಪಂಚೆಯ ತುಂಡನ್ನು ಕಟ್ಟುವುದನ್ನು ಮರೆಯಬೇಡಿ. ಕಟ್ಟದಿದ್ದರೆ ಮುಚ್ಚಳದ ನೀರು ಹಿಟ್ಟಿನ ಮೇಲೆ ತೊಟ್ಟಿಕ್ಕಿ ಅಲ್ಲಲ್ಲಿ ಜೊಳ್ಳು ಗುಳಿ ಮೂಡುತ್ತವೆ, ಬೂಷ್ಟು ಮೊದಲು ಹುಟ್ಟುವುದು ಆ ಗುಳಿಗಳಲ್ಲೇ. ಕಡ್ಡಿ ಚುಚ್ಚಿದಾಗ ಹಿಟ್ಟು ಹತ್ತದಿದ್ದರೆ ಬೆಂದಿದೆ ಎಂದರ್ಥ. ಅಲ್ಲಿಗೆ ಇಳಿಸಿ, ಇನ್ನೂ ಹತ್ತು ನಿಮಿಷ ಇರಲಿ ಎಂದು ಬಿಟ್ಟರೆ ಮೊಟ್ಟೆ ರಬ್ಬರಿನಂತಾಗುತ್ತದೆ. ಒಳಗೆ ಮೊಟ್ಟೆ ಬೇಯಿಸುವುದಕ್ಕೆ ಹಿರಿಯರ ಆಕ್ಷೇಪವಿರುವ ಎಷ್ಟೋ ಮನೆಗಳಲ್ಲಿ ಇದಕ್ಕೆಂದೇ ಒಂದು ಹಳೆಯ ಅಲ್ಯೂಮಿನಿಯಂ ಪಾತ್ರೆಯನ್ನು ಬೇರೆ ಇಟ್ಟು, ಸಂಜೆ ಸ್ನಾನದ ನೀರು ಕಾಯುವಾಗ ಬಚ್ಚಲೊಲೆಯ ಕೆಂಡದ ಮೇಲೇ ಮಾಡಿಕೊಳ್ಳುವುದನ್ನು ನೋಡಿದ್ದೇನೆ. ಹಬೆ ಬರಲು ಅಷ್ಟು ಕಾವು ಧಾರಾಳವಾಯಿತು.

ಪೂರ್ತಿ ಆರಿದ ಮೇಲೆ ಒಂದು ಚೂರನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ನೋಡಿ. ಅದು ಚಪ್ಪಟೆಯಾಗಿ, ಬೆರಳು ಬಿಟ್ಟಾಗ ಅರೆಬರೆ ಹಳೆಯ ಆಕಾರಕ್ಕೆ ಮರಳಿ, ಬೆರಳಿಗೆ ಏನನ್ನೂ ಹತ್ತಿಸದಿದ್ದರೆ ಹದ ಸರಿಯಾಗಿದೆ. ಪುಡಿ ಉದುರಿದರೆ ಮುಂದಿನ ಸಲ ಹಿಟ್ಟನ್ನು ಒಂದು ಚಮಚ ಕಡಿಮೆ ಮಾಡಿ, ಬೆರಳಿಗೆ ಅಂಟಿದರೆ ಒಂದು ಚಮಚ ಹೆಚ್ಚಿಸಿ. ರಾಗಿಯ ಬೀಸು ಮನೆಯಿಂದ ಮನೆಗೆ ಬೇರೆಯಾಗುವುದರಿಂದ ಇಷ್ಟು ಹೊಂದಾಣಿಕೆ ಎಲ್ಲರಿಗೂ ಬೇಕಾಗುತ್ತದೆ.

ಮೊಟ್ಟೆಯೂ ಬೇಡವೆನ್ನುವ ದಿನಕ್ಕೆ ಪನೀರ್ ಇದೆ. ಕೊಟ್ಟಿಗೆಯಲ್ಲಿ ಹಸುವಿದ್ದರೆ, ಮಲೆನಾಡು ಗಿಡ್ಡದ ಅರ್ಧ ಲೀಟರ್ ಹಾಲೇ ಆಗಲಿ, ಕುದಿಸಿ ನಿಂಬೆರಸ ಹಿಂಡಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ ಮೇಲೊಂದು ಒರಳುಗುಂಡು ಹೇರಿದರೆ ಎರಡು ಗಂಟೆಯಲ್ಲಿ ಕತ್ತರಿಸುವ ಹದಕ್ಕೆ ಬರುತ್ತದೆ. ಹಾಲು ಕುಡಿದರೆ ಭೇದಿಯಾಗುವ ನಾಯಿಗಳೂ ಸಾಮಾನ್ಯವಾಗಿ ಸ್ವಲ್ಪ ಪನೀರನ್ನು ತಡೆದುಕೊಳ್ಳುತ್ತವೆ, ಏಕೆಂದರೆ ಹಾಲಿನ ಸಕ್ಕರೆಯ ಬಹುಪಾಲು ತಿಳಿನೀರಿನ ಜೊತೆ ಹೊರಟುಹೋಗಿರುತ್ತದೆ. ಆದರೆ ಜಿಡ್ಡು ಉಳಿದಿರುತ್ತದೆ. ಅದೇ ತೂಕದ ಮೊಟ್ಟೆ-ರಾಗಿ ಚೂರಿಗಿಂತ ಪನೀರಿನ ಚೂರಿನಲ್ಲಿ ಹೆಚ್ಚುಕಡಿಮೆ ಎರಡರಷ್ಟು ಕ್ಯಾಲೊರಿ ಇರುತ್ತದೆ. ಹಾಗಾಗಿ ಅದನ್ನು ನಾನು ಮನೆಯಂಗಳದ ಸಲೀಸು ಪಾಠಕ್ಕೆ ಖರ್ಚು ಮಾಡುವುದಿಲ್ಲ. ಕೋಳಿಯ ಹಿಂದೆಯೋ ಮಂಗನ ಹಿಂದೆಯೋ ಹೊರಟ ನಾಯಿ ಕರೆದಾಗ ತಿರುಗಿ ಬಂದರೆ, ಪನೀರು ಆಗ ಹೊರಬರಬೇಕು.

ಮಾಂಸ ಬಳಸುವ ಮನೆಯ ಓದುಗರಿಗೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಸಿಹಿಗುಂಬಳದ ಜಾಗಕ್ಕೆ ಬೇಯಿಸಿ ರುಬ್ಬಿದ ಕೋಳಿಯ ಈಲಿಯನ್ನು ಹಾಕಿದರೆ ಇದೇ ತಟ್ಟೆಯ ತಿನಿಸಿಗೆ ವಾಸನೆ ಹತ್ತುಪಟ್ಟಾಗುತ್ತದೆ, ಯಾವ ನಾಯಿಯೂ ಬೇಡವೆನ್ನುವುದಿಲ್ಲ. ಆದರೆ ಈಲಿಯಲ್ಲಿ ವಿಟಮಿನ್ ಎ ತುಂಬ ಇದ್ದು, ಅದು ದೇಹದಲ್ಲಿ ಶೇಖರವಾಗುತ್ತಾ ಹೋಗುವುದರಿಂದ ದಿನವೂ ಕೊಡಬೇಡಿ, ವಾರಕ್ಕೆ ಎರಡು ದಿನ ಸಾಕು. ಮೀನಾದರೆ ಬೇಯಿಸಿ ಮುಳ್ಳು ತೆಗೆದ ಬಂಗುಡೆ ಒಳ್ಳೆಯದು. ಸಂತೆಯ ಒಣಮೀನು ಬೇಡ, ಅದರಲ್ಲಿರುವುದು ಮೀನಿಗಿಂತ ಉಪ್ಪೇ ಹೆಚ್ಚು.

ನಿಮ್ಮ ಮನೆಯಲ್ಲಿ ವಾಸನೆಯ ಕೊರತೆಯನ್ನು ತುಂಬಲು ಬೆಣ್ಣೆ ಕಾಯಿಸಿದಾಗ ಪಾತ್ರೆಯ ತಳದಲ್ಲಿ ಉಳಿಯುವ ಗಸಿಯನ್ನು ಒಂದು ಚಿಟಿಕೆ ಹಿಟ್ಟಿಗೆ ಸೇರಿಸಬಹುದು, ಬೆಣ್ಣೆಗೆ ಉಪ್ಪು ಹಾಕಿರದಿದ್ದರೆ ಮಾತ್ರ. ಚಿಟಿಕೆಯನ್ನು ಚಮಚ ಮಾಡಬೇಡಿ. ಒಮ್ಮೆಗೇ ಹೆಚ್ಚು ಜಿಡ್ಡು ಹೊಟ್ಟೆಗೆ ಹೋದರೆ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿ ಊದಿಕೊಂಡು ಜೀವಕ್ಕೇ ಬರುವುದುಂಟು. ಫ್ರಿಜ್ಜಿನಿಂದ ತೆಗೆದ ತಿನಿಸಿಗೆ ವಾಸನೆ ಮಂಕಾಗಿರುತ್ತದೆ, ಹತ್ತು ನಿಮಿಷ ಹೊರಗಿಟ್ಟು ಆಮೇಲೆ ಬಳಸಿ.

ಹಿಟ್ಟಿಗೆ ಎಂದೂ ಸೇರಬಾರದ ವಸ್ತುಗಳಲ್ಲಿ ಈರುಳ್ಳಿ ಮತ್ತು ಬೆಳ್ಳುಳ್ಳಿ ಮೊದಲನೆಯವು. ಹಸಿಯಾಗಲಿ, ಬೆಂದಿರಲಿ, ಪುಡಿಯಾಗಿರಲಿ, ಇವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪಾಯಸಕ್ಕೆ ತಂದ ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಚಾಕೊಲೇಟ್ ವಿಷವೆಂಬುದು ಈಗ ಮಕ್ಕಳಿಗೂ ಗೊತ್ತು. ಶೇಂಗಾ ಬೆಣ್ಣೆ ಒಳ್ಳೆಯ ಆಮಿಷವೆಂದು ಕೆಲವರು ಪೇಟೆಯಿಂದ ಡಬ್ಬಿ ತರುತ್ತಾರೆ. ಸಕ್ಕರೆಯಿಲ್ಲದ್ದು ಎಂದು ಬರೆದಿರುವ ಕೆಲವು ಡಬ್ಬಿಗಳಲ್ಲಿ ಸಿಹಿಗಾಗಿ ಕ್ಸೈಲಿಟಾಲ್ ಬೆರೆಸಿರುತ್ತಾರೆ, ನಮಗೆ ನಿರುಪದ್ರವಿಯಾದ ಅದು ನಾಯಿಯ ರಕ್ತದ ಸಕ್ಕರೆಯನ್ನು ಅರ್ಧ ಗಂಟೆಯಲ್ಲೇ ಪಾತಾಳಕ್ಕೆ ಇಳಿಸಬಲ್ಲದು, ಯಕೃತ್ತನ್ನೂ ಕೆಡಿಸಬಲ್ಲದು. ಶೇಂಗಾವನ್ನು ಮನೆಯಲ್ಲೇ ಹುರಿದು ಬೀಸಿಕೊಂಡರೆ ಈ ಭಯವಿಲ್ಲ, ಆದರೆ ಮುಗ್ಗಲು ವಾಸನೆಯ ಒಂದು ಬೀಜ ಕಂಡರೂ ಅಷ್ಟನ್ನೂ ಚೆಲ್ಲಿ. ಆ ಬೂಷ್ಟಿನ ಅಫ್ಲಟಾಕ್ಸಿನ್ ಎಂಬ ವಿಷ ಕೂಡ ಯಕೃತ್ತಿಗೇ ಹೊಡೆತ ಕೊಡುತ್ತದೆ.

ನಮ್ಮ ಸೀಮೆಗೇ ಸೇರಿದ ಇನ್ನೊಂದು ಎಚ್ಚರಿಕೆಯಿದೆ. ತಿನಿಸನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಎಲೆಯಡಿಕೆಯ ಸಂಚಿಗಿಂತ ಒಳ್ಳೆಯ ಸಾಧನವಿಲ್ಲ. ಬಾಯಿಗೆ ದಾರ, ಒಳಗೆ ಎರಡು ಮೂರು ಅರೆ, ಒಂದು ಅರೆಯಲ್ಲಿ ರಾಗಿ ಚೂರು, ಇನ್ನೊಂದರಲ್ಲಿ ಪನೀರು; ಪೇಟೆಯವರು ದುಡ್ಡು ಕೊಟ್ಟು ತರುವ ಚೀಲಕ್ಕೆ ಇಷ್ಟು ಅನುಕೂಲವಿಲ್ಲ. ಆದರೆ ಅಜ್ಜನ ಹಳೆಯ ಸಂಚಿಯನ್ನು ಇದಕ್ಕೆ ಬಳಸಬೇಡಿ, ಹೊಸದೊಂದನ್ನು ಹೊಲಿಸಿ. ಹಳೆಯ ಸಂಚಿಯ ಹೊಲಿಗೆಯ ಸಂದಿನಲ್ಲಿ ಹೊಗೆಸೊಪ್ಪಿನ ಪುಡಿ ಇರುತ್ತದೆ, ಅದರ ನಿಕೋಟಿನ್ ನಾಯಿಗೆ ವಿಷ. ಅಡಿಕೆಯ ಪುಡಿಯೂ ಸುಮ್ಮನಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರವನ್ನು ಒಂದು ಕಾಲದಲ್ಲಿ ನಾಯಿಯ ಹೊಟ್ಟೆಯ ಲಾಡಿಹುಳುವನ್ನು ಹೊರದೂಡಲು ಔಷಧವಾಗಿಯೇ ಕೊಡುತ್ತಿದ್ದರು, ಜೊಲ್ಲು, ವಾಂತಿ, ತಡೆಯಿಲ್ಲದ ಭೇದಿ ಆ ಔಷಧದ ಜೊತೆಗೇ ಬರುತ್ತಿದ್ದವು. ಅದಕ್ಕಿಂತ ಸುರಕ್ಷಿತವಾದ ಮಾತ್ರೆಗಳು ಬಂದ ಮೇಲೆ ಆ ಬಳಕೆ ನಿಂತಿತು. ಅಡಿಕೆಯ ಗುಣ ಮಾತ್ರ ಬದಲಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ, ಹೊಡೆದ ತೋಟದಲ್ಲಿ ಒಂದಷ್ಟು ದಿನ ಪಾಠವನ್ನೂ ಇಟ್ಟುಕೊಳ್ಳಬೇಡಿ. ಕೈತಪ್ಪಿ ಬಿದ್ದ ಚೂರನ್ನು ನಾಯಿ ಮೈಲುತುತ್ತದ ಹನಿ ಬಿದ್ದ ನೆಲದಿಂದಲೇ ನೆಕ್ಕಿಕೊಳ್ಳುತ್ತದೆ.

ಶೇಖರಣೆಗೆ ಬರೋಣ. ಮೆತ್ತಗಿರುವುದೆಂದರೆ ನೀರಿರುವುದು, ನೀರಿರುವಲ್ಲಿ ಬೂಷ್ಟು ಬಂದೇ ಬರುತ್ತದೆ. ಬಿಸ್ಕತ್ತು ತಿಂಗಳುಗಟ್ಟಲೆ ಕೆಡದಿರುವುದು ಅದು ಒಣಗಿರುವುದರಿಂದಲೇ. ಆಗುಂಬೆಯಂತಹ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಾಡಿನಲ್ಲಿ, ಆಷಾಢದಲ್ಲಿ ಚರ್ಮದ ಚಪ್ಪಲಿಗೇ ಬೂಷ್ಟು ಬರುವಾಗ, ಮೊಟ್ಟೆಯ ತಿನಿಸನ್ನು ಡಬ್ಬಿಯಲ್ಲಿ ಹಾಕಿ ನಾಗಂದಿಗೆಯ ಮೇಲಿಟ್ಟರೆ ಎರಡು ದಿನವೂ ಉಳಿಯುವುದಿಲ್ಲ. ಕತ್ತರಿಸಿದ ಚೂರುಗಳಲ್ಲಿ ಎರಡು ಮೂರು ದಿನಕ್ಕೆ ಬೇಕಾದಷ್ಟನ್ನು ಫ್ರಿಜ್ಜಿನಲ್ಲಿಟ್ಟು, ಉಳಿದದ್ದನ್ನು ತಟ್ಟೆಯಲ್ಲಿ ಒಂದೊಂದೂ ಬಿಡಿಬಿಡಿಯಾಗಿರುವಂತೆ ಹರಡಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಆಮೇಲೆ ಚೀಲಕ್ಕೆ ತುಂಬಿಡಬೇಕು. ಹೀಗೆ ಮಾಡಿದರೆ ಒಂದಕ್ಕೊಂದು ಅಂಟಿಕೊಳ್ಳದೆ ಬೇಕಾದಾಗ ಹಿಡಿಯಷ್ಟನ್ನೇ ತೆಗೆಯಬಹುದು, ಎರಡು ತಿಂಗಳು ಧಾರಾಳವಾಗಿ ಉಳಿಯುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಇಲ್ಲದಿರುವುದು ನಿಮ್ಮೂರಿನಲ್ಲಿ ಸಾಮಾನ್ಯವಾದರೆ ಫ್ರೀಜರನ್ನು ನಂಬಿಕೊಂಡು ನಾಲ್ಕು ತಟ್ಟೆ ಮಾಡಿಡುವ ಬದಲು ಒಂದೇ ಮೊಟ್ಟೆಯ ಅರ್ಧ ಅಳತೆಯನ್ನು ದಿನ ಬಿಟ್ಟು ದಿನ ಮಾಡಿಕೊಳ್ಳುವುದು ಮೇಲು. ಒಮ್ಮೆ ಪೂರ್ತಿ ಕರಗಿ ಬೆಚ್ಚಗಾದದ್ದನ್ನು ಮತ್ತೆ ಗಟ್ಟಿಯಾಗಿಸಬಾರದು.

ಸಂಚಿಯೊಳಗೆ ಎರಡು ಗಂಟೆ ಕಳೆದ ಚೂರುಗಳನ್ನು ಮರಳಿ ಫ್ರಿಜ್ಜಿಗೆ ಸೇರಿಸಬೇಡಿ, ಸಂಜೆಯ ಊಟದ ಜೊತೆ ಹಾಕಿ ಮುಗಿಸಿ. ಇದನ್ನು ನಾನು ಕಲಿತದ್ದು ಸ್ವಂತ ಎಡವಟ್ಟಿನಿಂದ. ವೃತ್ತಿಗೆ ಹೊಸಬನಾಗಿದ್ದಾಗ ರೈನ್‌ಕೋಟಿನ ಜೇಬಿನಲ್ಲಿ ಒಂದು ಹಿಡಿ ತಿನಿಸನ್ನು ಮರೆತು, ನಾಲ್ಕು ದಿನದ ನಂತರ ಕೈಗೆ ಸಿಕ್ಕಿದಾಗ ಮೇಲಿನ ಬಿಳಿ ಬೂಷ್ಟನ್ನು ಒರೆಸಿ ಕೊಟ್ಟುಬಿಟ್ಟಿದ್ದೆ. ಅಂದು ರಾತ್ರಿಯಿಡೀ ನಾಯಿ ವಾಂತಿ ಮಾಡಿತು, ಬೆಳಗಿನ ಜಾವ ಅದರ ಹಿಂಗಾಲು ನಡುಗುವುದನ್ನು ಲಾಟೀನಿನ ಬೆಳಕಿನಲ್ಲಿ ನೋಡುತ್ತಾ ಕೂತಿದ್ದೆ. ಕೆಲವು ಬೂಷ್ಟುಗಳ ವಿಷ ನರಗಳಿಗೆ ತಗುಲಿ ನಡುಕ, ಸೆಳವು ತರುತ್ತದೆಂದು ಓದಿಕೊಂಡವನೇ ಆಗಿದ್ದೆ. ಓದಿದ್ದು ಆ ಹೊತ್ತಿಗೆ ಕೈಗೆ ಬರಲಿಲ್ಲ. ನಾಯಿ ಉಳಿಯಿತು. ಬೂಷ್ಟನ್ನು ಕತ್ತರಿಸಿ ತೆಗೆದರೂ ವಿಷ ಒಳಗೆ ಇಳಿದಿರುತ್ತದೆ, ಅಂಥ ತಿನಿಸನ್ನು ನಾಯಿಯ ಬಾಯಿಗೆ ಎಟುಕದಂತೆ ಹೂಳಿಬಿಡಿ.

ದಿನಕ್ಕೆ ಎಷ್ಟು ಎಂಬ ಪ್ರಶ್ನೆಗೆ ಲೆಕ್ಕವನ್ನೇ ಕೊಡುತ್ತೇನೆ. ಕಿಲೋ ಲೆಕ್ಕದಲ್ಲಿ ನಾಯಿಯ ತೂಕದ 0.75 ಘಾತವನ್ನು (15ಕ್ಕೆ ಅದು ಸುಮಾರು 7.6) 70ರಿಂದ ಗುಣಿಸಿ, ಅದನ್ನು ಮತ್ತೆ 1.6ರಿಂದ ಗುಣಿಸಿದರೆ ಸಾಧಾರಣ ಓಡಾಟವಿರುವ, ಬೆಳವಣಿಗೆ ಮುಗಿದ ನಾಯಿಯ ದಿನದ ಅಗತ್ಯ ಅಂದಾಜಾಗಿ ಸಿಗುತ್ತದೆ. 15 ಕಿಲೋಗೆ ಅದು ಸುಮಾರು 850 ಕಿಲೋ ಕ್ಯಾಲೊರಿ. ನಿಮ್ಮದು ಇನ್ನೂ ಬೆಳೆಯುತ್ತಿರುವುದರಿಂದ ಇದಕ್ಕಿಂತ ಹೆಚ್ಚೇ ಬೇಕು, ಆದರೆ ತಿನಿಸಿನ ಲೆಕ್ಕಕ್ಕೆ ಕಡಿಮೆಯದನ್ನು ಹಿಡಿಯುವುದು ಕ್ಷೇಮ. ತಿನಿಸಿನ ಪಾಲು ಇದರ ಹತ್ತನೇ ಒಂದನ್ನು, ಅಂದರೆ 85ನ್ನು, ದಾಟಬಾರದು. ಮೇಲೆ ಹೇಳಿದ ಒಂದು ತಟ್ಟೆಯಲ್ಲಿ ಒಟ್ಟು 285 ಕಿಲೋ ಕ್ಯಾಲೊರಿ ಇದ್ದು, ಕತ್ತರಿಸಿದಾಗ 400ರ ಆಸುಪಾಸು ಚೂರುಗಳಾಗುತ್ತವೆ. ಆ ಲೆಕ್ಕಕ್ಕೆ ದಿನಕ್ಕೆ 120 ಚೂರು ಕೊಡಬಹುದು. ಕೇಳಿದಾಗ ಬಹಳವೆನಿಸುತ್ತದೆ, ಪಾಠಕ್ಕೆ ಇಳಿದಾಗ ಅಷ್ಟೂ ಬೇಕಾಗುತ್ತದೆ. ಗಮನಿಸಿ, ತೂಕ ಇಮ್ಮಡಿಯಾದರೆ ಈ ಸಂಖ್ಯೆ ಇಮ್ಮಡಿಯಾಗುವುದಿಲ್ಲ: 30 ಕಿಲೋ ನಾಯಿಗೆ 200, 5 ಕಿಲೋದ ಸಣ್ಣ ನಾಯಿಗೆ 50. ತಿನಿಸು ಕೊಟ್ಟ ದಿನ ಅಷ್ಟರ ಮಟ್ಟಿಗೆ ಅನ್ನ ಕಡಿಮೆಯಾಗಬೇಕು. ಹಾಗೆಂದು ಮೊಟ್ಟೆ-ರಾಗಿಯ ಚೂರನ್ನೇ ಊಟವೆಂದು ತಿಳಿಯಬೇಡಿ, ಅದರಲ್ಲಿ ನಾಯಿಗೆ ಬೇಕಾದ ಎಲ್ಲ ಪೋಷಕಾಂಶಗಳೂ ಇಲ್ಲ.

ಪಾಠವನ್ನು ಊಟಕ್ಕೆ ಮೊದಲು, ಹಸಿವಿರುವ ಹೊತ್ತಿನಲ್ಲಿ, ಮೂರರಿಂದ ಐದು ನಿಮಿಷ ಮಾತ್ರ ಇಟ್ಟುಕೊಳ್ಳಿ. ನಾಯಿ ನಿಮ್ಮತ್ತ ತಿರುಗಿದ ಕ್ಷಣವೇ “ಭೇಷ್” ಎನ್ನಿ, ಕೈ ಸಂಚಿಗೆ ಹೋಗುವುದು ಆಮೇಲೆ; ಕೈ ಮೊದಲು ಹೋದರೆ ನಾಯಿ ಕಲಿಯುವುದು ಸಂಚಿಯನ್ನು ನೋಡುವುದನ್ನು. ಚೂರನ್ನು ಎಸೆಯದೆ, ನಿಮ್ಮ ಮೊಣಕಾಲಿಗೆ ತಾಗಿಸಿ ಹಿಡಿದ ಅಂಗೈಯಿಂದಲೇ ಕೊಡಿ. ಬಹುಮಾನ ಸಿಗುವ ಜಾಗ ನಿಮ್ಮ ಕಾಲಿನ ಬುಡ ಎಂದಾದ ಮೇಲೆ ಕಚ್ಚಿಕೊಂಡು ದೂರ ಹೋಗುವ ಅಭ್ಯಾಸ ತಾನಾಗಿಯೇ ಬಿಟ್ಟುಹೋಗುತ್ತದೆ. ನಿನ್ನೆವರೆಗೆ ಆಸೆಯಿಂದ ತಿನ್ನುತ್ತಿದ್ದ ನಾಯಿ ಇಂದು ಪನೀರನ್ನೂ ಮೂಸಿ ಬಿಟ್ಟರೆ ಹಟವೆಂದು ಬೈಯುವ ಮೊದಲು ಕಿವಿಯ ಒಳಗೂ ಬೆರಳಿನ ಸಂದಿಯಲ್ಲೂ ಉಣುಗು ಕಚ್ಚಿದೆಯೇ ನೋಡಿ, ವಸಡು ಬಿಳಿಚಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಉಣುಗಿನಿಂದ ಬರುವ ಜ್ವರ ಎಷ್ಟೋ ಸಲ ಮೊದಲು ಕಾಣಿಸಿಕೊಳ್ಳುವುದು ಹೀಗೆ, ತಿನಿಸು ಬೇಡವಾಗುವುದರಲ್ಲಿ.

ಎಷ್ಟು ಕಾಲ ಕೊಡುತ್ತಿರಬೇಕೆಂದು ನೀವು ಕೇಳಿಲ್ಲ, ಆದರೆ ಮುಂದಿನ ಪತ್ರದಲ್ಲಿ ಕೇಳುವಿರಿ. ಅಂಗಳದಲ್ಲಿ ಕರೆದಾಗಲೆಲ್ಲ ತಪ್ಪದೆ ಬರತೊಡಗಿದ ಮೇಲೆ ಪ್ರತಿ ಸಲ ಕೊಡುವುದನ್ನು ಬಿಟ್ಟು, ಎರಡಕ್ಕೊಮ್ಮೆ, ಐದಕ್ಕೊಮ್ಮೆ, ಮತ್ತೆ ಎರಡಕ್ಕೊಮ್ಮೆ ಎಂಬಂತೆ ಲೆಕ್ಕ ಸಿಗದ ಹಾಗೆ ಕೊಡಿ. ತೋಟದ ಅಂಚಿನಿಂದ, ಅದರಲ್ಲೂ ಚಿರತೆ ಓಡಾಡುವ ಮುಸ್ಸಂಜೆಯ ಹೊತ್ತಿನಲ್ಲಿ ಕರೆಯುವ ಕರೆಗೆ ಮಾತ್ರ ಈ ನಿಯಮವನ್ನು ತರಬೇಡಿ. ಆ ಕರೆಗೆ ನಾಯಿ ಮುದಿಯಾಗುವವರೆಗೂ ಪ್ರತಿ ಸಲವೂ ಪನೀರೇ ಸಿಗಲಿ.